ಬ್ಯಾಟರಿಗೆ ರಜೆ ಕೊಟ್ಟ ರಾಯಪ್ಪ

ರೈಲ್ವೆಯವರು ಕೊಟ್ಟ ಖಾಕಿ ಬಟ್ಟೆಯನ್ನು ರಾಯಪ್ಪ ಆರು ತಿಂಗಳಲ್ಲಿ ಜರಡಿ ಮಾಡಿಬಿಡುತ್ತಿದ್ದ. ತಪ್ಪು ಅವನದಲ್ಲ. ಖಾನಾಪುರ ಸೀಮೆಯ ಗುಂಜಿ ಸ್ಟೇಷನ್ನಿನ ಬ್ಯಾಟರಿ ಕೋಣೆಯಲ್ಲಿ ಆ್ಯಸಿಡ್ ತುಂಬಿದ ಸೆಲ್ಲುಗಳ ಸಾಲೊಂದಿತ್ತು. ಸಿಗ್ನಲ್ಲು, ಟೆಲಿಫೋನು ಎಲ್ಲ ಅವುಗಳ ಮೇಲೆಯೇ ಬದುಕಿದ್ದವು. ಅವುಗಳಿಗೆ ನೀರು ಹಾಕುವುದು, ತಲೆ ಒರೆಸುವುದು, ಗಾಜಿನ ನಳಿಗೆಯಲ್ಲಿ ಆ್ಯಸಿಡ್ ಹೀರಿ ಒಳಗಿನ ಗುಂಡು ತೇಲಿತೋ ಮುಳುಗಿತೋ ನೋಡುವುದು, ಇದು ಖಲಾಸಿ ರಾಯಪ್ಪನ ಮೂವತ್ತು ವರ್ಷದ ಕೆಲಸ. ಗುಂಡು ತೇಲಿದರೆ ಬ್ಯಾಟರಿ ಹೊಟ್ಟೆ ತುಂಬಿದೆ, ಮುಳುಗಿದರೆ ಹಸಿದಿದೆ. ನಳಿಗೆಯಿಂದ ಒಂದು ಹನಿ ಅಂಗಿಗೆ ಬಿದ್ದರೆ ಅಲ್ಲೊಂದು ತೂತು. ಆದರೆ ಹೆಗಲ ಮೇಲಿನ ಕರೀ ಕಂಬಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ.

“ಸರಕಾರದ ಬಟ್ಟಿ ತಿಂತೈತ್ರಿ ಇದು, ಕುರುಬರ ಉಣ್ಣಿ ಮುಟ್ಟೂದಿಲ್ಲ,” ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಅವನ ಅಪ್ಪ, ಅಜ್ಜ ಕುರಿ ಕಾದವರು. ಮನೆತನದಲ್ಲಿ ಪಗಾರ ಕಂಡ ಮೊದಲಿಗ ಇವನು. ಕುರಿ ಬಿಟ್ಟರೂ ಕುರಿ ಸಾಕುವ ಬುದ್ಧಿ ಬಿಡಲಿಲ್ಲ. ಬ್ಯಾಟರಿಯನ್ನು ಅವನು ‘ಚಾರ್ಜ್’ ಮಾಡುತ್ತಿರಲಿಲ್ಲ, ಮೇಯಿಸುತ್ತಿದ್ದ. ಕರೆಂಟು ತೆಗೆಯುವುದು ಅವನ ಬಾಯಲ್ಲಿ ಕರೆಯುವುದು. “ಅರ್ಧಕ್ಕಿಂತ ಹೆಚ್ಚ ಕರೀಬಾರದ್ರಿ. ಪೂರಾ ಹಿಂಡಿದ್ರ ಮುಂದ ಹಾಲ ಕೊಡೂದಿಲ್ಲ,” ಎನ್ನುವುದು ಅವನ ಸಿದ್ಧಾಂತ. ಊರಿನವರು ಅವನನ್ನು ಬ್ಯಾಟರಿ ರಾಯಪ್ಪ ಎಂದೇ ಕರೆಯುತ್ತಿದ್ದರು. ಅದು ಅವನಿಗೆ ಪದವಿಯಂತೆಯೇ ಕೇಳಿಸುತ್ತಿತ್ತು.

ಇಂಥ ರಾಯಪ್ಪನನ್ನು ಹುಡುಕಿಕೊಂಡು ಎರಡು ಸಾವಿರನೇ ಇಸವಿಯ ಜೂನ್ ತಿಂಗಳಲ್ಲಿ ಬೆಳಗಾವಿ ಟಿಳಕವಾಡಿಯ ಬಸಯ್ಯನವರು ಬಂದರು. ಬಸಯ್ಯನವರು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್ ಆಗಿ ನಿವೃತ್ತರಾದವರು. ನಿವೃತ್ತಿಯ ಮರುದಿನ ಮನೆಯ ಫಲಕದಲ್ಲಿ ಪ್ರೊಫೆಸರ್ ಆಗಿ ಬಡ್ತಿ ಪಡೆದವರು. ಅವರ ಹತ್ತಿರ ಎಂಟು ಮಿಲಿಮೀಟರಿನ ಹಳೆಯ ಸಿನಿಮಾ ಕ್ಯಾಮೆರಾ ಒಂದಿತ್ತು. ಅದರಿಂದ ಗುಂಜಿಯ ಆಚೆ, ತಮ್ಮ ಹೆಂಡತಿಯ ತವರಿನ ಭತ್ತದ ಗದ್ದೆಯನ್ನು ನೂರು ದಿನ ಬಿಡದೆ ಚಿತ್ರ ತೆಗೆಯಬೇಕೆಂದು ಅವರು ಹೊರಟಿದ್ದರು. ಇಪ್ಪತ್ತು ನಿಮಿಷಕ್ಕೊಂದು ಚಿತ್ರ, ದಿನಕ್ಕೆ ಹನ್ನೆರಡು ತಾಸು, ಅಂದರೆ ದಿನಕ್ಕೆ ಮೂವತ್ತಾರು. ಐವತ್ತು ಅಡಿಯ ರೀಲಿನಲ್ಲಿ ಮೂರು ಸಾವಿರದ ಆರುನೂರು ಚಿತ್ರ. ನೂರು ದಿನಕ್ಕೆ ರೀಲು ಸರಿಯಾಗಿ ಮುಗಿಯುತ್ತದೆ. ಗೋಡೆಯ ಮೇಲೆ ಬಿಟ್ಟರೆ ನಾಟಿ ಮಾಡಿದ ಸಸಿ ಮೂರು ನಿಮಿಷದಲ್ಲಿ ತೆನೆಯಾಗುತ್ತದೆ.

“ಎಲ್ಲಾ ಸೂಕ್ಷ್ಮ ಲೆಕ್ಕಾ ಅದ,” ಎಂದರು ಬಸಯ್ಯನವರು. “ಒಂದ ಸಣ್ಣ ತೊಂದರಿ. ಗದ್ದಿಗೆ ಕರೆಂಟ್ ಇಲ್ಲ.”

ಆ ಸಣ್ಣ ತೊಂದರೆಯ ಜೊತೆ ಅವರು ಎರಡು ತಿಂಗಳಿಂದ ಗುದ್ದಾಡಿದ್ದರು. ಪೆನ್ಸಿಲ್ ಸೆಲ್ಲು ಹಾಕಿ ಮನೆಯ ಮಾಳಿಗೆಯ ಮೇಲೆ ತುಳಸಿ ಗಿಡದ ಮುಂದೆ ಪರೀಕ್ಷೆ ನಡೆಸಿದರೆ ಒಂಬತ್ತನೇ ದಿನ ಸೆಲ್ಲು ಸತ್ತಿತು. ಬಿಸಿಲಿನಿಂದ ಕರೆಂಟು ಹುಟ್ಟಿಸುವ ಹಲಗೆಯನ್ನೂ ತರಿಸಿದ್ದರು. ಆದರೆ ಆಷಾಢದಲ್ಲಿ ಖಾನಾಪುರದ ಸೂರ್ಯ ಲಾಂಗ್ ಲೀವಿನ ಮೇಲೆ ಇರುತ್ತಾನೆಂಬುದು ಸಸ್ಯಶಾಸ್ತ್ರದ ಪುಸ್ತಕದಲ್ಲಿ ಬರೆದಿರಲಿಲ್ಲ.

ರಾಯಪ್ಪ ಕ್ಯಾಮೆರಾವನ್ನು ಅತ್ತ ಇತ್ತ ತಿರುಗಿಸಿ, ಹೊಸ ಕುರಿಮರಿಯ ಹಲ್ಲು ನೋಡುವವನಂತೆ ನೋಡಿದ. “ಇದು ದಿನಕ್ಕ ಎಷ್ಟ ತಿಂತೈತ್ರಿ?”

ಬಸಯ್ಯನವರು ಇಂಗ್ಲಿಷಿನಲ್ಲಿ ಏನೋ ಹೇಳಿದರು.

“ಹಂಗಂದ್ರ ನಿಮಗ ಗೊತ್ತಿಲ್ಲ,” ಎಂದ ರಾಯಪ್ಪ ಮರ್ಯಾದೆಯಿಂದಲೇ. “ಇರ್ಲಿ ಬಿಡ್ರಿ ಸರ. ಹಳೀ ಮೋಟರ್ ಸೈಕಲ್ಲಿನವು ಆರ ವೋಲ್ಟಿನ ಎರಡ ಬ್ಯಾಟರಿ ಕೊಡಸ್ರಿ, ನಾ ತಯಾರ ಮಾಡ್ತೀನಿ. ಒಂದು ಹೊಲದಾಗ ದುಡೀತೈತಿ, ಇನ್ನೊಂದು ನಮ್ಮ ಮನ್ಯಾಗ ಮೇಯ್ತೈತಿ. ಐತವಾರಕ್ಕೊಮ್ಮೆ ಅದಲಾಬದಲ. ನೂರ ದಿನ ಹೋಗ್ಲಿ, ನೂರ ವರ್ಷ ನಡಸ್ತೀನಿ.”

ಬ್ಯಾಟರಿ ತರಲು ಅವನು ಟಿಳಕವಾಡಿಗೆ ಹೋದ ದಿನ ಬಸಯ್ಯನವರ ಹೆಂಡತಿ ಕಾಂತಮ್ಮನವರನ್ನು ನೋಡಿದ. ನಾಲ್ಕು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದಾಗಿನಿಂದ ಅವರ ಜಗತ್ತು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ. ರೈಲೇನೋ ಗುಂಜಿಗೆ ಹೋಗುತ್ತದೆ. ಆದರೆ ಸ್ಟೇಷನ್ನಿನಿಂದ ತವರಿನ ಗದ್ದೆಗೆ ಎರಡು ಮೈಲಿ ಕೆಸರಿನ ಬದುವಿನ ಮೇಲೆ ನಡೆಯಬೇಕು.

ಬಸಯ್ಯನವರು ಒಳಗೆ ತಮ್ಮ ಕಡತ ಹುಡುಕುತ್ತಿದ್ದಾಗ ಕಾಂತಮ್ಮ ದನಿ ಇಳಿಸಿ ಕೇಳಿದರು:

“ರಾಯಪ್ಪಾ, ಸೀಗಿ ಹುಣ್ಣಿವಿ ತನಕ ಮುಟ್ಟತದೇನೋ ತಮ್ಮಾ ಆ ನಿನ್ನ ಬ್ಯಾಟರಿ?”

“ಯಾಕ್ರಿ ಅಕ್ಕಾರ?”

“ನೂರನೇ ದಿನಾ ಸೀಗಿ ಹುಣ್ಣಿವಿನ ಬರತದ. ನಮ್ಮ ಗದ್ದ್ಯಾಗ ಅವತ್ತ ಚರಗಾ ಚೆಲ್ಲತಾರ. ಮದಿವಿ ಆದ ಮ್ಯಾಲೂ ಒಂದ ವರ್ಷಾ ತಪ್ಪಿಸಿದಾಕಿ ಅಲ್ಲ ನಾನು. ಈಗ ನಾಕ ವರ್ಷ ಆತು. ಇವರ ಮುಂದ ಒಮ್ಮೆ ಕಣ್ಣೀರ ಹಾಕಿದೆ ನೋಡು, ಮರುದಿನಾನ ‘ಸಂಶೋಧನಾ’ ಚಾಲೂ ಆತು.” ಅವರು ನಕ್ಕರು. “ಹೆಂಡತಿ ಸಲುವಾಗಿ ಮಾಡ್ತೀನಿ ಅಂದ್ರ ಮರ್ಯಾದಿ ಹೋಗತದ ನೋಡು. ನೀ ಏನೂ ಗೊತ್ತಿಲ್ಲದಾಂವನಂಗ ಇರು. ಚರಗಾ ತನಕ ಮುಟ್ಟಿಸಿದರ ಸಾಕು.”

ಸೀಗೆ ಹುಣ್ಣಿಮೆಯೆಂದರೆ ಹೊಡೆ ತುಂಬಿದ ಪೈರನ್ನು ಬಸುರಿಯೆಂದು ತಿಳಿದು, ಬಯಕೆಯ ಅಡುಗೆ ಮಾಡಿ ಹೊಲಕ್ಕೆ ಉಣಿಸುವ ಹಬ್ಬ. ಹಾಗೆ ಹೊಲದ ಸುತ್ತ ಎಡೆ ಎರಚುವುದೇ ಚರಗ. ರಾಯಪ್ಪನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. “ಮುಟ್ಟಸ್ತೀನ್ರಿ ಅಕ್ಕಾರ,” ಎಂದ. ಆಮೇಲೆ ರೈಲಿನಲ್ಲಿ, ಎರಡು ಬ್ಯಾಟರಿ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಾಗ, ಇಷ್ಟು ಭಾರದ ಮಾತು ತಾನು ಈ ಹಿಂದೆ ಯಾರಿಗೂ ಕೊಟ್ಟಿಲ್ಲವೆಂದು ಅವನಿಗೆ ಅನ್ನಿಸಿತು.

ಜುಲೈ ಆರರ ಬೆಳಿಗ್ಗೆ ಆರಕ್ಕೆ ಕೆಲಸ ಶುರುವಾಯಿತು. ಬದುವಿನ ಮೇಲೆ ಕಬ್ಬಿಣದ ಕಂಬ, ಕಂಬದ ಮೇಲೆ ತಗಡಿನ ಸೂರಿನ ಪೆಟ್ಟಿಗೆ, ಪೆಟ್ಟಿಗೆಯ ಗಾಜಿನ ಹಿಂದೆ ಕ್ಯಾಮೆರಾ. ಅದರ ಪಕ್ಕದಲ್ಲಿ, ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಲು ರೇಡಿಯೊ ರಿಪೇರಿಯವನೊಬ್ಬ ಮಾಡಿಕೊಟ್ಟ ಟೈಮರು. ಕೆಳಗೆ ಕಂಬಳಿಯ ತುಂಡು ಹೊದ್ದ ರಾಯಪ್ಪನ ಬ್ಯಾಟರಿ. ಬಸಯ್ಯನವರು ಛತ್ರಿ ಹಿಡಿದು ವಿಜ್ಞಾನದ ಬಗ್ಗೆ ನಾಲ್ಕು ಮಾತಾಡಿದರು. ಕೇಳಲು ರಾಯಪ್ಪ, ಅವನ ಹೆಂಡತಿ ಸಾವಂತ್ರವ್ವ ಮತ್ತು ಎರಡು ಕೊಕ್ಕರೆಗಳಿದ್ದವು. ಆ ನಾಲ್ಕು ಮಾತು ಮುಗಿಯುವಷ್ಟರಲ್ಲಿ ಕ್ಯಾಮೆರಾ ಎರಡನೇ ಚಿತ್ರವನ್ನೂ ತೆಗೆದಾಗಿತ್ತು. ಹೋಗುವಾಗ ಅವರು ರಾಯಪ್ಪನ ಕೈಗೆ ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ ಹದಿನಾಲ್ಕು ಪುಟದ ಸೂಚನೆಗಳನ್ನು ಕೊಟ್ಟರು. ರಾಯಪ್ಪ ಅದನ್ನು ಕಣ್ಣಿಗೊತ್ತಿಕೊಂಡು, ಮಳೆ ತಾಗದ ಹಾಗೆ, ಮನೆಯ ಜಂತಿಯಲ್ಲಿ ಸಿಕ್ಕಿಸಿದ.

ಮಳೆ ಹೊಡೆಯಿತು. ರಾಯಪ್ಪ ಒಂದು ಐತವಾರವನ್ನೂ ತಪ್ಪಿಸಲಿಲ್ಲ. ಕಂಬಳಿಯ ಜೋಳಿಗೆಯಲ್ಲಿ ಮೇಯ್ದ ಬ್ಯಾಟರಿ ಹೊತ್ತು ಹೋಗುವುದು, ದುಡಿದ ಬ್ಯಾಟರಿ ಹೊತ್ತು ಬರುವುದು. ಬದಲಿಸುವಾಗಲೂ ರೈಲ್ವೆಯ ಪದ್ಧತಿ: ಹೊಸದನ್ನು ಜೋಡಿಸಿದ ಮೇಲೆಯೇ ಹಳೆಯದನ್ನು ಬಿಚ್ಚುವುದು, ನಡುವೆ ಒಂದು ಕ್ಷಣವೂ ಕರೆಂಟು ತಪ್ಪಬಾರದು. ತಪ್ಪಿದರೆ ಸಿಗ್ನಲ್ಲು ಕೆಂಪಾಗಿ, ಲೋಂಡಾದ ಗಾಡಿ ನಿಂತು, ಮೇಲಿನವರು ಬೈಯುತ್ತಾರೆ. ಗದ್ದೆಯಲ್ಲಿ ಗಾಡಿ ಇರಲಿಲ್ಲ, ಆದರೂ ಕೈ ತನ್ನ ಚಾಳಿ ಬಿಡಲಿಲ್ಲ.

ಈ ಒಳ್ಳೆಯ ಚಾಳಿಯೇ ಮುಂದೆ ಮುಳುವಾಯಿತು. ಒಮ್ಮೆ ಕರೆಂಟು ತಪ್ಪಿದರೆ ಆ ಟೈಮರಿಗೆ ಹೊತ್ತುಗೊತ್ತು ಮರೆತುಹೋಗುತ್ತಿತ್ತು. ಮತ್ತೆ ಯಾವಾಗ ಜೋಡಿಸುತ್ತಾರೋ ಅದೇ ಬೆಳಗಿನ ಆರು ಗಂಟೆಯೆಂದು ತಿಳಿದು, ಅಲ್ಲಿಂದ ಹನ್ನೆರಡು ತಾಸು ದುಡಿದು ಹನ್ನೆರಡು ತಾಸು ಮಲಗುವುದು ಅದರ ಸ್ವಭಾವ. ಇದು ಹದಿನಾಲ್ಕು ಪುಟಗಳಲ್ಲಿ ಹನ್ನೊಂದನೆಯದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪುಟ ಜಂತಿಯಲ್ಲಿತ್ತು. ಕರೆಂಟು ತೊಂಬತ್ತೆರಡು ದಿನ ತಪ್ಪಲೇ ಇಲ್ಲವಾದ್ದರಿಂದ ಟೈಮರಿನ ಈ ಗುಣ ಯಾರಿಗೂ ತಿಳಿಯಲಿಲ್ಲ.

ತೊಂಬತ್ತಮೂರನೇ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು.

ಕುಡುಗೋಲು, ಕೊಡಲಿ, ಕತ್ತರಿ, ಹೊಲಿಗೆ ಮಷೀನು ಎಲ್ಲ ಅಂದು ತೊಳೆದುಕೊಂಡು, ಅರಿಶಿನದ ಭಂಡಾರ ಹಚ್ಚಿಸಿಕೊಂಡು, ಕಾಲುಚಾಚಿ ಮಲಗುವ ದಿನ. ಮರುದಿನ ದಸರೆಯ ಬನ್ನಿ ಕೊಡುವ ತನಕ ಅವುಗಳನ್ನು ಯಾರೂ ಮುಟ್ಟುವಂತಿಲ್ಲ. ಮೂವತ್ತು ವರ್ಷ ರಾಯಪ್ಪ ಸ್ಟೇಷನ್ನಿನ ಸೆಲ್ಲುಗಳಿಗೆ ಕುಂಕುಮ ಹಚ್ಚಿದ್ದನೇ ಹೊರತು ಒಂದು ದಿನ ವಿಶ್ರಾಂತಿ ಕೊಟ್ಟವನಲ್ಲ. ಕೊಟ್ಟರೆ ರೈಲು ನಿಲ್ಲುತ್ತದೆ. ಪೂಜೆ ಮಾಡಿ, ಕೈಮುಗಿದು, ಮತ್ತೆ ಅದೇ ಗಳಿಗೆಯಲ್ಲಿ ದುಡಿಸುವುದು. ಪ್ರತಿ ವರ್ಷ ಅವನಿಗೆ ಅದೊಂದು ಕಸಿವಿಸಿ.

“ಇದಕ್ಕರ ರಜಾ ಕೊಡೂಣೇನ?” ಎಂದು ಅವನು ಸಾವಂತ್ರವ್ವನನ್ನು ಕೇಳಿದ.

“ಕೊಡ್ರಿ. ಬಡಜೀವ ಮೂರ ತಿಂಗಳಿಂದ ದುಡದೈತಿ,” ಎಂದಳು ಸಾವಂತ್ರವ್ವ. “ಫೋಟೋ ಹೋದ್ರ?”

“ಎರಡ ದಿನದ್ದ ಎಪ್ಪತ್ತೆರಡ ಹೋಗ್ತಾವು. ಗ್ವಾಡಿ ಮ್ಯಾಲ ನಾಕ ಸೆಕೆಂಡ. ಕಣ್ಣ ಪಿಳಕಿಸಿದಂಗ.”

ಬೆಳಿಗ್ಗೆ ಗದ್ದೆಗೆ ಹೋಗಿ ತಂತಿ ಬಿಚ್ಚಿ, ಬ್ಯಾಟರಿಯ ನೆತ್ತಿಗೆ ಭಂಡಾರ ಹಚ್ಚಿ, ಎರಡು ಚೆಂಡುಹೂ ಇಟ್ಟರು. ಮರುದಿನ ಊರಲ್ಲೆಲ್ಲ ಬನ್ನಿ ಕೊಟ್ಟು ಮುಗಿದ ಮೇಲೆ, ಸಂಜೆ ಆರರ ಹೊತ್ತಿಗೆ, ರಾಯಪ್ಪ ಮನೆಯಲ್ಲಿ ಮೇಯ್ದ ಬ್ಯಾಟರಿಯನ್ನು ತಂದು ಅದರ ಮೇಲೂ ನಾಲ್ಕು ಬನ್ನಿ ಎಲೆ ಇಟ್ಟು “ಬಂಗಾರದಂಗ ಇರೂಣು” ಎಂದು ಹೇಳಿ ತಂತಿ ಜೋಡಿಸಿದ. ಟಿಕ್ ಎಂದಿತು ಕ್ಯಾಮೆರಾ. ರಾಯಪ್ಪ ಸಮಾಧಾನದಿಂದ ಮನೆಗೆ ಬಂದ. ಹೊಸದಾಗಿ ಮೇಯಿಸಿದ ಬ್ಯಾಟರಿಯಾದ್ದರಿಂದ ಮರುದಿನದ ಐತವಾರ ಅದನ್ನು ನೋಡಲು ಹೋಗುವ ಜರೂರಿಯೂ ಇರಲಿಲ್ಲ.

ಸೀಗೆ ಹುಣ್ಣಿಮೆಯ ಬೆಳಿಗ್ಗೆ ಏಳಕ್ಕೆ ಅವನು ಸಾವಂತ್ರವ್ವನೊಂದಿಗೆ ಗದ್ದೆಗೆ ಬಂದ. ತೆನೆಗಳು ಬಾಗಿದ್ದವು. ದೂರದಲ್ಲಿ ಕಾಂತಮ್ಮನವರ ತಮ್ಮ, ತಮ್ಮನ ಹೆಂಡತಿ ನೀಲಾ, ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದರು. ರಾಯಪ್ಪ ಪೆಟ್ಟಿಗೆಗೆ ಕಿವಿಗೊಟ್ಟು ಕೂತ. ಇಪ್ಪತ್ತು ನಿಮಿಷಕ್ಕೊಮ್ಮೆ ಬರುವ ಟಿಕ್ ಬರಲಿಲ್ಲ. ಮತ್ತೆ ಇಪ್ಪತ್ತು ನಿಮಿಷ. ಬರಲಿಲ್ಲ.

ನಳಿಗೆ ಹಾಕಿ ನೋಡಿದ. ಗುಂಡು ಚೆನ್ನಾಗಿಯೇ ತೇಲಿತು. ತಂತಿ ಎಳೆದು ನೋಡಿದ, ಭದ್ರ. ಕ್ಯಾಮೆರಾದ ಬೆನ್ನಿನ ಪುಟ್ಟ ಕಿಟಕಿಯಲ್ಲಿ ಎಷ್ಟು ಅಡಿ ರೀಲು ಉಳಿದಿದೆಯೆಂದು ತೋರಿಸುವ ಮುಳ್ಳಿತ್ತು. ಪೂಜೆಯ ದಿನ ನಾಲ್ಕು ಅಡಿ ಉಳಿದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಈಗ ಒಂದೇ ಅಡಿ.

“ಹಗಲ ಟಿಕ್ ಅನ್ನೂದಿಲ್ಲ, ರೀಲ ಮಾತ್ರ ಖಾಲಿ ಆಗೇತಿ,” ಎಂದ. ಹಾಗೆಂದ ಮರುಕ್ಷಣ ಮೂವತ್ತು ವರ್ಷದ ಡ್ಯೂಟಿಯ ಬುದ್ಧಿ ಅವನಿಗೆ ಉತ್ತರವನ್ನೂ ಹೇಳಿತು. ಅವನು ಹಣೆ ಚಚ್ಚಿಕೊಂಡ. “ಸಾವಂತ್ರೀ, ಸಂಜಿ ಆರಕ್ಕ ಡ್ಯೂಟಿಗೆ ಹಚ್ಚೀನಲ್ಲ, ಇದು ಆರ ದಿನದಿಂದ ರಾತ್ರಿಪಾಳಿ ಮಾಡೇತಿ! ಬರೇ ಕತ್ತಲಿ ಫೋಟೋ ತಗದೇತಿ!”

ಸಾವಂತ್ರವ್ವ ಬಾಯಿಗೆ ಸೆರಗು ಹಿಡಿದಳು. ನಗುವನ್ನು ತಡೆಯಲೋ ಅಳುವನ್ನೋ, ಅವಳಿಗೂ ತಿಳಿಯಲಿಲ್ಲ. “ಈಗ ಬಿಚ್ಚಿ ಹಚ್ಚಿದ್ರ?”

“ಹಚ್ಚಿದ್ರ ಈಗೊಮ್ಮೆ ಟಿಕ್ ಅಂತೈತಿ, ಮತ್ತ ಇಪ್ಪತ್ತ ನಿಮಿಷಕ್ಕೊಮ್ಮೆ. ಚರಗಾ ಚೆಲ್ಲಿ ಮುಗಸಾಕ ಎಷ್ಟೊತ್ತ ಬೇಕು?”

“ಎಷ್ಟೊತ್ತ ಅಂದ್ರ? ಈ ಗದ್ದಿ ಸುತ್ತಾಕ ಹತ್ತ ನಿಮಿಷ.”

ರಾಯಪ್ಪ ಅವಳ ಮುಖವನ್ನೇ ನೋಡಿದ. ಹದಿನಾಲ್ಕು ಪುಟ ಬರೆದವರಿಗಾಗಲಿ, ನೂರು ದಿನ ಬ್ಯಾಟರಿ ಹೊತ್ತವನಿಗಾಗಲಿ ಹೊಳೆಯದ ಸಂಗತಿ ಅದು. ಎಲ್ಲವೂ ಸರಿಯಾಗಿ ನಡೆದಿದ್ದರೂ, ಎರಡು ಟಿಕ್ಕುಗಳ ನಡುವೆ ಚರಗ ಮುಗಿದೇಹೋಗುತ್ತಿತ್ತು. ಒಂದು ಚಿತ್ರದಲ್ಲಿ ಇನ್ನೂ ಬಾರದ ಜನ, ಮುಂದಿನದರಲ್ಲಿ ಹೋಗಿಬಿಟ್ಟ ಜನ. ಅಕ್ಕಾರಿಗೆ ಸಿಗುತ್ತಿದ್ದದ್ದು ಬರೀ ಗದ್ದೆ.

ಅವನು ಟೈಮರಿನಿಂದ ಕ್ಯಾಮೆರಾಕ್ಕೆ ಹೋಗುವ ಎರಡು ತಂತಿಗಳನ್ನು ಕಿತ್ತು ತುದಿ ಕೆರೆದ. ಒಂದಕ್ಕೊಂದು ಮುಟ್ಟಿಸಿದ. ಟಿಕ್.

“ಒಂದ ಅಡಿಗೆ ಎಪ್ಪತ್ತೆರಡು ಅಂತ ಸರ ನೂರ ಸರ್ತೆ ಹೇಳ್ಯಾರ. ಒಂದ ಹೋತು. ನೀ ಎಣಸು, ನಾ ಮುಟ್ಟಸ್ತೀನಿ.”

“ನಾ ಚರಗಾ ನೋಡಲ್ಯೋ, ಎಣಸಲ್ಯೋ?”

“ಎಣಸು ಮಾರಾಯ್ತಿ!”

ನೀಲಾ ಎಡೆ ಎರಚುತ್ತ “ಹುಲಿಗ್ಯೋ… ಹುಲಿಗ್ಯೋ…” ಎಂದು ಚರಗದ ಕೂಗು ಹಾಕಿದಳು. ಹಿಂದೆ ನೀರು ಚಿಮುಕಿಸುತ್ತ ಬಂದ ಅವಳ ಗಂಡ “ಸಲಾಂಬ್ರಿಗ್ಯೋ…” ಎಂದು ಉತ್ತರ ಕೊಟ್ಟ. ಅವರು ಹತ್ತು ಹೆಜ್ಜೆ ಇಟ್ಟಾಗೊಮ್ಮೆ ರಾಯಪ್ಪ ತಂತಿ ಮುಟ್ಟಿಸಿದ. ಎಣಿಕೆ ಎರಡು ಸಲ ತಪ್ಪಿತು, ಸಾವಂತ್ರವ್ವ ಐವತ್ತರ ನಂತರ ಮತ್ತೆ ನಲವತ್ತೊಂಬತ್ತಕ್ಕೆ ಬಂದಳು. ನೀಲಾ ಮತ್ತು ಅವಳ ಗಂಡ ಗದ್ದೆ ಸುತ್ತಿ ಬಂದು ಬುಟ್ಟಿ ಇಳಿಸುವ ಹೊತ್ತಿಗೆ ಮುಳ್ಳು ಕೊನೆಯ ಗೆರೆಗೆ ಬಂದು ನಿಂತಿತು.

ಕ್ಯಾಮೆರಾ ಒಪ್ಪಿಸಲು ಟಿಳಕವಾಡಿಗೆ ಹೋದಾಗ ಅವನು ಮೂರು ಸಲ ತಪ್ಪೊಪ್ಪಿಕೊಳ್ಳಲು ಹೊರಟ. “ಸರ, ಆ ಖಂಡೇಪೂಜಿ ದಿನ…” ಎಂದರೆ ಬಸಯ್ಯನವರು “ಪೂಜಿ-ಗೀಜಿ ಆಮ್ಯಾಲ ರಾಯಪ್ಪ, ಇದು ಅಂತರರಾಷ್ಟ್ರೀಯ ಮಟ್ಟದ್ದು,” ಎಂದು ಪಾರ್ಸಲ್ಲಿಗೆ ಅರಗು ಹಚ್ಚುತ್ತಿದ್ದರು. ಆ ಜಾತಿಯ ರೀಲು ತೊಳೆಯುವವರು ಹೊರದೇಶದಲ್ಲೇ ಇದ್ದದ್ದು. ಎರಡೂವರೆ ತಿಂಗಳು ರಾಯಪ್ಪ ಸರಿಯಾಗಿ ಉಣ್ಣಲಿಲ್ಲ. ಸ್ಟೇಷನ್ನಿನ ಸೆಲ್ಲುಗಳಿಗೆ ನೀರು ಹಾಕುತ್ತ, ಪೋಸ್ಟಿನಲ್ಲಿ ಆ ರೀಲು ಕಳೆದುಹೋಗಲಿ ಎಂದು ಒಮ್ಮೆ, ಕಳೆಯದಿರಲಿ ಎಂದು ಒಮ್ಮೆ ಬೇಡಿಕೊಳ್ಳುತ್ತಿದ್ದ.

ರೀಲು ಬಂತು. ಜನವರಿಯ ಒಂದು ಐತವಾರ ಬಸಯ್ಯನವರ ಪಡಸಾಲೆಯ ಕಿಟಕಿಗಳಿಗೆ ಚಾದರ ಕಟ್ಟಲಾಯಿತು. ಕಾಂತಮ್ಮನವರು ಬೆನ್ನಿಗೆ ಎರಡು ತಲೆದಿಂಬು ಕೊಟ್ಟು ಕುರ್ಚಿಯಲ್ಲಿ ಕೂತರು. ಅವರ ಕಾಲ ಬಳಿ ಸಾವಂತ್ರವ್ವ, ಬಾಗಿಲ ಬಳಿ, ಓಡಲು ಅನುಕೂಲವಾಗುವ ಜಾಗದಲ್ಲಿ, ರಾಯಪ್ಪ. ಬಸಯ್ಯನವರು ಪ್ರೊಜೆಕ್ಟರಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡರು. “ಭತ್ತದ ಬೆಳವಣಿಗೆಯ ಈ ದಾಖಲೆ…”

“ಹಚ್ಚರಿ ಸಾಕು,” ಎಂದರು ಕಾಂತಮ್ಮ.

ಗೋಡೆಯ ಮೇಲೆ ಕೆಸರು ಬೆಳಗಿತು. ಸಸಿ ನಡುಗುತ್ತ ಎದ್ದವು. ಮೋಡಗಳು ಬೆದರಿದ ಕುರಿಹಿಂಡಿನಂತೆ ಓಡಿದವು. ನೀರು ತುಂಬಿತು, ಇಳಿಯಿತು, ಹಸಿರು ಉಬ್ಬಿ ಉಬ್ಬಿ ಬದುವನ್ನೇ ನುಂಗಿತು. ಒಮ್ಮೆ ಕಾಂತಮ್ಮ “ಆ ಮೂಲ್ಯಾಗ ನೀರ ಇನ್ನೂ ನಿಲ್ಲತದ ನೋಡು” ಎಂದು ತಮಗೆ ತಾವೇ ಹೇಳಿಕೊಂಡರು. ಹೊಡೆ ಬಿಚ್ಚಿ ಮೊದಲ ತೆನೆ ಇಣುಕಿತು. ರಾಯಪ್ಪ ಕಣ್ಣು ಮುಚ್ಚಿದ.

ಗೋಡೆ ಕಪ್ಪಾಯಿತು.

ಯಂತ್ರ ಮಾತ್ರ ಗರಗರ ತಿರುಗುತ್ತಿತ್ತು. ಹನ್ನೆರಡು ಸೆಕೆಂಡಿನ ಕತ್ತಲು. ರಾಯಪ್ಪನ ಲೆಕ್ಕದಲ್ಲಿ ಅದು ಲೋಂಡಾದಿಂದ ಬೆಳಗಾವಿಗೆ ನಡೆದು ಬರುವಷ್ಟು ಉದ್ದ.

“ಇದೇನಿದು? ಬಲ್ಬ್ ಹೋತೇನು?” ಎಂದರು ಬಸಯ್ಯನವರು.

“ಬಲ್ಬ್ ಅಲ್ರಿ ಸರ, ನಾನು,” ಎಂದಿತು ಬಾಗಿಲ ಬಳಿಯ ದನಿ. “ಖಂಡೇಪೂಜಿಗೆ ಬ್ಯಾಟರಿಗೆ ರಜಾ ಕೊಟ್ಟಿದ್ದೆ. ಬನ್ನಿ ಕೊಟ್ಟ ಸಂಜೀಕ ಹಚ್ಚಿದೆ, ಅದು ರಾತ್ರಿಪಾಳಿಗೆ ಹೋತು. ಆರ ರಾತ್ರಿ. ತಪ್ಪ ನಂದ.”

“ರಜಾ?” ಬಸಯ್ಯನವರ ದನಿ ಏರಿತು. “ಬ್ಯಾಟರಿಗೆ ರಜಾ? ಹನ್ನೊಂದನೇ ಪುಟದಾಗ ನಾ ಸ್ಪಷ್ಟ…”

ಅಷ್ಟರಲ್ಲಿ ಗೋಡೆ ಬೆಳಗಿತು. ಬಾಗಿದ ತೆನೆಗಳ ನಡುವೆ ನೀಲಾ ಬುಟ್ಟಿ ಹೊತ್ತು ಓಡಿದಳು, ಅವಳ ಹಿಂದೆ ಗಂಡ ಓಡಿದ, ಕೈ ಚೆಲ್ಲಿತು, ಚೆಲ್ಲಿತು, ಇಡೀ ಗದ್ದೆಯನ್ನು ಗಿರಕಿ ಹೊಡೆದು ಬಂದು ಬುಟ್ಟಿ ಇಳಿಸಿದರು. ನಾಲ್ಕೇ ಸೆಕೆಂಡು. ಆಮೇಲೆ ಬರೀ ಬಿಳಿ ಗೋಡೆ.

ಬಸಯ್ಯನವರ ಬೆರಳು ಹನ್ನೊಂದನೇ ಪುಟವನ್ನು ತೋರಿಸುವ ಭಂಗಿಯಲ್ಲೇ ಗಾಳಿಯಲ್ಲಿ ನಿಂತಿತ್ತು. ಅವರು ಹೆಂಡತಿಯ ಮುಖ ನೋಡಿದರು. ಕಾಂತಮ್ಮನವರ ಎರಡೂ ಕೈ ಕುರ್ಚಿಯ ತೋಳುಗಳನ್ನು ಹಿಡಿದಿದ್ದವು, ಇನ್ನೇನು ಎದ್ದು ಬದುವಿನ ಮೇಲೆ ಕಾಲಿಡುವವರಂತೆ.

“ಇನ್ನೊಮ್ಮೆ,” ಎಂದರು.

ಬಸಯ್ಯನವರು ಬೆರಳು ಇಳಿಸಿ, ರೀಲನ್ನು ಹಿಂದಕ್ಕೆ ತಿರುಗಿಸಿದರು. ಗೋಡೆಯ ಮೇಲೆ ನೀಲಾ ಹಿಂದುಹಿಂದಾಗಿ ಓಡುತ್ತ, ಎರಚಿದ ಎಡೆಯನ್ನೆಲ್ಲ ಗದ್ದೆಯಿಂದ ಮತ್ತೆ ಕೈಗೆ ತುಂಬಿಕೊಂಡಳು. ಸಾವಂತ್ರವ್ವ ಕಿಸಕ್ಕನೆ ನಕ್ಕಳು. ಮತ್ತೆ ಮುಂದಕ್ಕೆ ಬಿಟ್ಟರು. ಈ ಸಲ ನೀಲಾ ಬುಟ್ಟಿ ಹೊತ್ತು ಕಾಣಿಸಿಕೊಂಡ ಕೂಡಲೇ ಕಾಂತಮ್ಮನವರು ಗದ್ದೆಯ ಆ ತುದಿಗೆ ಕೇಳಿಸುವಂತೆ ಕೂಗಿದರು: “ಹುಲಿಗ್ಯೋ… ಹುಲಿಗ್ಯೋ…”

ಉತ್ತರ ಕೊಡಬೇಕೆಂದು ರಾಯಪ್ಪ ಬಾಯಿ ತೆರೆದ. ಸಾವಂತ್ರವ್ವ ತಿರುಗಿ ಕೈಯೆತ್ತಿ ಅವನನ್ನು ತಡೆದಳು. ಪ್ರೊಜೆಕ್ಟರಿನ ಹಿಂದಿನಿಂದ, ಮೂವತ್ತೈದು ವರ್ಷ ಹುಡುಗರಿಗೆ ಪಾಠ ಹೇಳಿ ಗಟ್ಟಿಯಾದ ದನಿಯೊಂದು, ಸ್ವಲ್ಪ ಅಂಜುತ್ತ, ಬಂತು:

“ಸಲಾಂಬ್ರಿಗ್ಯೋ.”

ಅಷ್ಟು ಹೊತ್ತಿಗೆ ಗೋಡೆ ಬಿಳಿಯಾಗಿತ್ತು.

“ತಡಾ ಆತು,” ಎಂದರು ಬಸಯ್ಯನವರು ಗಂಭೀರವಾಗಿ, ರೀಲು ತಿರುಗಿಸುತ್ತ. “ತಡೀರಿ. ಇನ್ನೊಮ್ಮೆ ಹಚ್ಚತೀನಿ.”